ಗೆದ್ದ ದುಡ್ಡು ಬರ್ತಾ ಇಲ್ಲ, ಮೊದಲು ಟ್ಯಾಕ್ಸ್ ಕಟ್ಟಿ ಅಂತಾರೆ. ಕಟ್ಟಬೇಕಾ?

ಅಡಿಕೆಅಂಗಳ, ಬಾಯಾರು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗನ ವಿಷಯ. ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾನೆ. ದಿನಾ ಕೇರಳದಿಂದ ತಲಪಾಡಿ ಗಡಿ ದಾಟಿ ಬಸ್ಸಿನಲ್ಲಿ ಹೋಗಿ ಬರುವವನು. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ರೂಲೆಟ್ ಅಂತ ಚಕ್ರ ತಿರುಗಿಸುವ ಜೂಜು ಆಡುತ್ತಿದ್ದನಂತೆ. ಐಪಿಎಲ್ ಬಂದಾಗ ಕ್ರಿಕೆಟ್ ಬೆಟ್ಟಿಂಗ್ ಕೂಡ ಶುರುವಾಗಿದೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈಗ ಆ ಸೈಟಿನಲ್ಲಿ ಅವನ ಹೆಸರಲ್ಲಿ 1,84,000 ರೂಪಾಯಿ ತೋರಿಸ್ತಾ ಇದೆ. ತೆಗೆಯಲು ಹೋದರೆ ಬರುವುದಿಲ್ಲ. ಚಾಟ್‌ನಲ್ಲಿ ಕೇಳಿದರೆ 30 ಪರ್ಸೆಂಟ್ ಟಿಡಿಎಸ್, ಅಂದ್ರೆ 55,200 ರೂಪಾಯಿ ಮೊದಲು ಕಟ್ಟಿ, ಅರ್ಧ ಗಂಟೆಯಲ್ಲಿ ಪೂರಾ ದುಡ್ಡು ಬ್ಯಾಂಕಿಗೆ ಹಾಕುತ್ತೇವೆ ಅಂತ ಉತ್ತರ. ಜೊತೆಗೆ ಅಶೋಕಸ್ತಂಭದ ಸೀಲ್ ಇರುವ ಒಂದು ಕಾಗದದ ಫೋಟೋ ಬೇರೆ ಕಳಿಸಿದ್ದಾರೆ. ತಂಗಿ ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಕಟ್ಟಲು ಹೊರಟಿದ್ದಳು. ಎರಡು ದಿನ ತಡೆದು ನಿಲ್ಲಿಸಿದ್ದೇನೆ.

ಕಟ್ಟಬೇಕಾ, ಬೇಡ್ವಾ? ಗೊತ್ತಿದ್ದವರು ಹೇಳಿ. ದಯವಿಟ್ಟು ಉಪದೇಶ ಬೇಡ, ಅದು ಮನೆಯಲ್ಲಿ ಬೇಕಾದಷ್ಟು ಆಗಿದೆ.

ಅಕ್ಷಯಕ್ಕ, ಉಪ್ಪಳ

ಅಣ್ಣ, ಒಂದು ಪೈಸೆ ಕಟ್ಟಬೇಡಿ. ನಿಮ್ಮ ತಂಗಿಗೆ ಈಗಲೇ ಫೋನ್ ಮಾಡಿ ಹೇಳಿ, ಆಮೇಲೆ ಉಳಿದದ್ದು ಓದಿ.

ನಾನು ಅಕ್ಷಯ ಕೇಂದ್ರದಲ್ಲಿ, ಅಂದ್ರೆ ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರದಲ್ಲಿ, ಕೂರುವವಳು. ಇಂಥ ಕಾಗದ ಹಿಡಿದುಕೊಂಡು ಬರುವವರು ಈಚೆಗೆ ಜಾಸ್ತಿ. ಟಿಡಿಎಸ್ ಅಂದರೆ ಕೊಡುವವನು ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ. ಆನ್‌ಲೈನ್ ಆಟದ ಗೆಲುವಿಗೆ 2023ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನಿನಲ್ಲಿ 194ಬಿಎ ಅಂತ ಒಂದು ಕಲಂ ಬಂತು. 30 ಪರ್ಸೆಂಟ್ ಅನ್ನುವುದು ಅಲ್ಲಿಂದ ಎತ್ತಿಕೊಂಡ ಸಂಖ್ಯೆ, ಅದಕ್ಕೇ ಜನ ನಂಬುತ್ತಾರೆ. ಆದರೆ ಅವರ ಕೈಯಲ್ಲಿ ನಿಜವಾಗಿ 1,84,000 ಇದ್ದಿದ್ದರೆ 55,200 ಮುರಿದು 1,28,800 ಹಾಕಬಹುದಿತ್ತಲ್ಲ? ನಿಮ್ಮ ಹತ್ತಿರ ಯಾಕೆ ಕೇಳಬೇಕು?

ಇದನ್ನು ಕಟ್ಟಿದರೆ ನಾಳೆ "ಜಿಎಸ್‌ಟಿ ಬಾಕಿ ಇದೆ" ಅಂತಾರೆ. ನಾಡಿದ್ದು "ಖಾತೆ ವೆರಿಫಿಕೇಶನ್ ಡಿಪಾಸಿಟ್". ನೀವು ಕಟ್ಟುತ್ತಾ ಇರುವಷ್ಟು ದಿನವೂ ಕೇಳುತ್ತಾ ಇರುತ್ತಾರೆ.

ಒಂದು ಮಾತು ಕೇಳಬೇಕಿತ್ತು. ಅವನು ಇಲ್ಲಿಯವರೆಗೆ ದುಡ್ಡು ಹಾಕಿದ್ದು ಯಾವ ಹೆಸರಿನ ಯುಪಿಐಗೆ? ಗೂಗಲ್ ಪೇ ಹಿಸ್ಟರಿ ತೆಗೆದು ನೋಡಿ ಹೇಳ್ತೀರಾ?

ಸಿಕ್ಸರ್ ಪೆರ್ಲ

ಎಲ್ಲಾ ಸೈಟೂ ಮೋಸ ಅನ್ನಬೇಡಿ ಅಕ್ಕ. ನಾನೂ ಆಡುತ್ತೇನೆ. 2,000 ತೆಗೆದಿದ್ದೇನೆ, 3,500 ತೆಗೆದಿದ್ದೇನೆ. ಹತ್ತು ನಿಮಿಷದಲ್ಲಿ ಬ್ಯಾಂಕಿಗೆ ಬಂದಿದೆ. ಸೈಟ್ ಆರಿಸುವುದು ಗೊತ್ತಿರಬೇಕು ಅಷ್ಟೆ. ಲೈಸೆನ್ಸ್ ಇದೆಯಾ ನೋಡಬೇಕು.

ಅಕ್ಷಯಕ್ಕ, ಉಪ್ಪಳ

ದೊಡ್ಡ ಮೊತ್ತ ತೆಗೆದಿದ್ದೀಯಾ ತಮ್ಮಾ? ಸಣ್ಣದು ಬೇಗ ಬರುತ್ತದೆ. ಬರಲೇಬೇಕು, ಇಲ್ಲಾಂದ್ರೆ ನೀನು ಇಲ್ಲಿ ಬಂದು ಅವರ ಪರವಾಗಿ ಹೀಗೆ ಬರೆಯುತ್ತಿರಲಿಲ್ಲ.

ದೇರಾದಲ್ಲಿರುವವ

ಉಪ್ಪಳದವನೇ, ಈಗ ದುಬೈ. ಲೈಸೆನ್ಸ್ ಅಂದ್ರಲ್ಲ, ಆ ಪುಟದ ತಳದಲ್ಲಿ ಇರುವುದು ಹೆಚ್ಚಾಗಿ ಕುರಾಸಾವ್ ಅನ್ನುವ ಹೆಸರು. ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಅಲ್ಲಿಯ ಲೈಸೆನ್ಸ್ ನಿಜವೇ ಇರಲಿ ಅಂತ ಇಟ್ಟುಕೊಳ್ಳೋಣ. ಪೆರ್ಲದಿಂದ ಅಲ್ಲಿಗೆ ಹೋಗಿ ದೂರು ಕೊಡ್ತೀಯಾ? ಅರ್ಧ ಸೈಟುಗಳಲ್ಲಿ ಅದು ಬರೀ ಅಂಟಿಸಿದ ಚಿತ್ರ. ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ.

ನನ್ನ ರೂಮಿನಲ್ಲಿ ಇದ್ದ ಒಬ್ಬ ಇಂಥದ್ದೇ ಕಂಪನಿಯ ಚಾಟ್ ಕೆಲಸಕ್ಕೆ ಸೇರಿದ್ದ. ಹಿಂದಿ, ಮಲಯಾಳ, ಕನ್ನಡ ಮೂರೂ ಬರುತ್ತಿತ್ತು, ಅದಕ್ಕೇ ತಗೊಂಡರು. ಅವನು ಹೇಳಿದ್ದು ಕೇಳಿದ ಮೇಲೆ ನನಗೆ ಈ ಆಟದ ಮೇಲೆ ಇದ್ದ ಸ್ವಲ್ಪ ಕುತೂಹಲವೂ ಹೋಯಿತು. ಡಿಪಾಸಿಟ್ ಬಗ್ಗೆ ಯಾರಾದರೂ ಕೇಳಿದರೆ ಒಂದು ನಿಮಿಷದೊಳಗೆ ಉತ್ತರ ಕೊಡಬೇಕು. ವಿತ್‌ಡ್ರಾ ಬಗ್ಗೆ ಕೇಳಿದರೆ ಅವಸರ ಬೇಡ. ಮೊದಲು "ಟೆಕ್ನಿಕಲ್ ಟೀಮ್ ನೋಡ್ತಾ ಇದೆ". ಆಮೇಲೆ ಆಧಾರ್ ಫೋಟೋ ಕೇಳು. ಆಮೇಲೆ ಫೋಟೋ ಸ್ಪಷ್ಟ ಇಲ್ಲ ಅನ್ನು. ಆಧಾರ್ ಹಿಡಿದುಕೊಂಡು ಸೆಲ್ಫಿ ಕಳಿಸು ಅನ್ನು. ದುಡ್ಡು ಹಾಕುವಾಗ ಯಾರೂ ಆಧಾರ್ ಕೇಳಲಿಲ್ಲ, ನೆನಪಿರಲಿ.

ಈ ಮಧ್ಯೆ ವಿತ್‌ಡ್ರಾ "ಪೆಂಡಿಂಗ್" ಅಂತ ತೋರಿಸುತ್ತದೆ. ಪಕ್ಕದಲ್ಲೇ ಒಂದು ಬಟನ್: ಕ್ಯಾನ್ಸಲ್ ಮಾಡಿ ಆಟಕ್ಕೆ ವಾಪಸ್ ತನ್ನಿ. ಆ ಬಟನ್ ಇರುವುದೇ ಈ ಎರಡು ಮೂರು ದಿನದ ಕಾಯುವಿಕೆಗೆ. ರಾತ್ರಿ ಒಂದು ಗಂಟೆಗೆ ನಿದ್ದೆ ಬರುವುದಿಲ್ಲ, ದುಡ್ಡು ಕಣ್ಣೆದುರು ಇದೆ, ಒಂದು ಸಲ ಒತ್ತಿದರೆ ಸಾಕು. ಹೆಚ್ಚಿನವರು ಒತ್ತುತ್ತಾರೆ ಅಂತ ಅವನು ನಗುತ್ತಿದ್ದ. ಬ್ರಿಟನ್‌ನಲ್ಲಿ ಜೂಜು ಕಾನೂನುಬದ್ಧ, ಆದರೂ ಅಲ್ಲಿಯ ನಿಯಂತ್ರಣ ಆಯೋಗ ಈ ಬಟನ್ ಅನ್ನು 2021ರಲ್ಲಿ ನಿಷೇಧ ಮಾಡಿತು. ಲೈಸೆನ್ಸ್ ಅಂದರೆ ಅದು. ಯಾರೋ ಒಬ್ಬರು ಮೇಲೆ ಕೂತು ಕಿವಿ ಹಿಂಡುವವರು ಇರಬೇಕು.

ಅಡಿಕೆಅಂಗಳ, ಬಾಯಾರು

ಅಕ್ಷಯಕ್ಕ, ಹುಡುಗನ ಫೋನ್ ತಗೊಂಡು ನೋಡಿದೆ. ಒಂದೊಂದು ಸಲ ಒಂದೊಂದು ಹೆಸರು. ಒಂದು ಯಾವುದೋ ಟ್ರೇಡರ್ಸ್, ಒಂದು ಹಿಂದಿ ಹೆಸರಿನ ಹೆಂಗಸು, ಒಂದು ಫ್ಯಾನ್ಸಿ ಸ್ಟೋರ್. ಒಟ್ಟು ಹಾಕಿದ್ದು 70 ಸಾವಿರದ ಮೇಲೆ. ಕಾಲೇಜ್ ಫೀಸಿನ ದುಡ್ಡೂ ಅದರಲ್ಲಿ ಇದೆ. ವಾಪಸ್ ಬಂದದ್ದು 4,000. ಅದೂ ಇನ್ಯಾರದೋ ಹೆಸರಿನಿಂದ. ಕಂಪನಿ ಹೆಸರು ಎಲ್ಲೂ ಇಲ್ಲ. ತಂಗಿಗೆ ಇದನ್ನು ತೋರಿಸಿದ ಮೇಲೆ ಚಿನ್ನ ಕಪಾಟಿಗೆ ವಾಪಸ್ ಹೋಯಿತು.

ಆದರೆ ಅವನು ಈಗಲೂ ಹೇಳುವುದು ಒಂದೇ. "ಮಾವ, ನಾನು ಗೆದ್ದಿದ್ದೇನೆ. ನನ್ನ ಲೆಕ್ಕ ಸರಿ ಇತ್ತು." ಕೆಂಪು ಕಪ್ಪು ಅಂತ ಏನೋ ಡಬಲ್ ಮಾಡುವ ಉಪಾಯ ಅಂತೆ. ಇದಕ್ಕೆ ಏನು ಹೇಳಲಿ?

ಲೆಕ್ಕದ ಮಾಷ್ಟ್ರು, ನೀರ್ಚಾಲು

ಈ ಪ್ರಶ್ನೆ ನನಗೇ ಬಿಟ್ಟಿದ್ದು ಅಂತ ಕಾಣುತ್ತದೆ. ನಿವೃತ್ತನಾದರೂ ಚಾಕ್‌ಪೀಸ್ ಬಿಟ್ಟಿಲ್ಲ.

ರೂಲೆಟ್ ಚಕ್ರದಲ್ಲಿ 1ರಿಂದ 36 ಮತ್ತು ಒಂದು ಸೊನ್ನೆ, ಒಟ್ಟು 37 ಮನೆ. ಒಂದು ಸಂಖ್ಯೆಗೆ ಹಾಕಿ ಅದೇ ಬಂದರೆ 35 ಪಟ್ಟು ಕೊಡುತ್ತಾರೆ, ನೀವು ಇಟ್ಟದ್ದೂ ವಾಪಸ್. ಈಗ ನಿಮ್ಮ ಹುಡುಗನಿಗೆ ಹೇಳಿ: ಎಲ್ಲಾ 37 ಮನೆಗೂ ನೂರು ನೂರು ರೂಪಾಯಿ ಹಾಕು. ಯಾವುದಾದರೂ ಒಂದು ಬಂದೇ ಬರುತ್ತದೆ, ಸೋಲುವ ಪ್ರಶ್ನೆಯೇ ಇಲ್ಲ. ಹಾಕಿದ್ದು 3,700. ಸಿಕ್ಕಿದ್ದು 3,600. ಎಲ್ಲಾ ಕಡೆ ಗೆದ್ದು 100 ಕಳೆದುಕೊಂಡ. ಆ ನೂರೇ ಅವರ ಪಾಲು, 2.7 ಪರ್ಸೆಂಟ್. ಅಮೆರಿಕದ ಚಕ್ರದಲ್ಲಿ ಎರಡು ಸೊನ್ನೆ ಇರುತ್ತದೆ, 38 ಮನೆ. ಅಲ್ಲಿ 3,800 ಹಾಕಿ 3,600 ತಗೊಳ್ಳಬೇಕು, ಪಾಲು 5.26ಕ್ಕೆ ಏರುತ್ತದೆ. ಮೋಸ ಮಾಡುವ ಅಗತ್ಯವೇ ಇಲ್ಲ. ನೆಟ್ಟಗೆ ತಿರುಗುವ ಚಕ್ರವೇ ಸಾಕು.

ಕೆಂಪು ಕಪ್ಪಿನ ಡಬಲ್ ಉಪಾಯ ಹಳೆಯದು. ಸೋತಾಗಲೆಲ್ಲ ಇಮ್ಮಡಿ ಹಾಕು, ಗೆದ್ದಾಗ ಎಲ್ಲವೂ ವಾಪಸ್ ಬಂದು ಮೇಲೆ ನೂರು ಲಾಭ. ಕೇಳಲು ಚೆಂದ. ಕಪ್ಪಿಗೆ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. 37ರಲ್ಲಿ 18 ಮನೆ ನಿಮ್ಮದು, 19 ಅವರದು. ಸೊನ್ನೆ ಅವರ ಕಡೆಗೆ ಸೇರುತ್ತದೆ. ನೂರರಿಂದ ಶುರು ಮಾಡಿ ಸತತ ಎಂಟು ಸಲ ಸೋತರೆ ಹೋಗುವುದು 25,500. ಒಂಬತ್ತನೆಯ ಸಲ 25,600 ಇಡಬೇಕು. ಎಂಟು ಸಲ ಸತತ ಸೋಲುವುದು ಅಪರೂಪ ಅನ್ನಿಸುತ್ತದೆ, ಆದರೆ ನೂರರಿಂದ ಶುರು ಮಾಡಿ ಗೆಲ್ಲುವ ತನಕ ಆಡುವುದನ್ನು ಒಂದು ಸುತ್ತು ಅಂತ ಹಿಡಿದರೆ ಸುಮಾರು 207 ಸುತ್ತಿಗೆ ಒಮ್ಮೆ ಆಗುತ್ತದೆ. ಉಳಿದ 206 ಸುತ್ತಿನಲ್ಲಿ ನೂರು ನೂರು ಗೆದ್ದದ್ದು 20,600. ಕಳೆಯಿರಿ. ಮೇಲಿಂದ ಪ್ರತಿ ಟೇಬಲ್ಲಿಗೂ ಇಷ್ಟರ ಮೇಲೆ ಹಾಕುವಂತಿಲ್ಲ ಅಂತ ಮಿತಿ ಇರುತ್ತದೆ. ಅದು ಯಾಕೆ ಇದೆ ಅಂತ ಈಗ ಅರ್ಥ ಆಗಿರಬಹುದು.

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ಸತತ 26 ಸಲ ಕಪ್ಪೇ ಬಂತು. ಹಲವು ಸಲ ಕಪ್ಪು ಬಂದ ಮೇಲೆ "ಇನ್ನು ಕೆಂಪೇ ಗತಿ" ಅಂತ ಜನ ಮುಗಿಬಿದ್ದರು. ಚಕ್ರಕ್ಕೆ ಹಿಂದಿನದ್ದು ನೆನಪಿರುವುದಿಲ್ಲ ಮಾರಾಯ್ರೆ. ನೆನಪು ಇರುವುದು ನಮಗೆ.

ಸಿಕ್ಸರ್ ಪೆರ್ಲ

ಮಾಷ್ಟ್ರೇ, ರೂಲೆಟ್ ಬಿಡಿ, ಅದು ಅದೃಷ್ಟದ ಆಟ. ಕ್ರಿಕೆಟ್ ಹಾಗಲ್ಲ. ನಾನು ಪಿಚ್ ನೋಡುತ್ತೇನೆ, ಟೀಮ್ ನೋಡುತ್ತೇನೆ, ಚೆಪಾಕ್‌ನಲ್ಲಿ ಸ್ಪಿನ್ ಹೇಗೆ ತಿರುಗುತ್ತದೆ ಅಂತ ಗೊತ್ತು. ಅದು ತಲೆ ಓಡಿಸುವ ಕೆಲಸ.

ಲೆಕ್ಕದ ಮಾಷ್ಟ್ರು, ನೀರ್ಚಾಲು

ತಲೆ ಓಡಿಸು, ಬೇಡ ಅನ್ನುವುದಿಲ್ಲ. ಸಮಬಲದ ಎರಡು ಟೀಮಿಗೆ ಎಷ್ಟು ರೇಟ್ ಕೊಡುತ್ತಾರೆ? 1.90, 1.90 ಅಲ್ವಾ? ಅಂದ್ರೆ ಗೆದ್ದರೆ ಹಾಕಿದ ಒಂದೊಂದು ರೂಪಾಯಿಗೆ 1.90 ವಾಪಸ್. ಎರಡೂ ಕಡೆಗೆ ಸಾವಿರ ಸಾವಿರ ಹಾಕು. ಯಾರೇ ಗೆಲ್ಲಲಿ, 2,000 ಕೊಟ್ಟು 1,900 ತಗೊಳ್ಳುತ್ತೀಯ. ಆ ರೇಟಿನಲ್ಲಿ ಲಾಭನಷ್ಟ ಇಲ್ಲದೆ ಉಳಿಯಬೇಕಾದರೆ ನೂರರಲ್ಲಿ 53 ಸಲ ನಿನ್ನ ಊಹೆ ಸರಿಯಾಗಬೇಕು. ನಿನಗೆ ಚೆಪಾಕ್ ಗೊತ್ತು. ರೇಟ್ ಹಾಕುವವನಿಗೆ ಗೊತ್ತಿಲ್ಲ ಅಂತ ಯಾಕೆ ಅಂದುಕೊಂಡೆ?

ಅಕ್ಕಲಕೋಟದವ

ನಾನು ಸೋಲಾಪುರ ಜಿಲ್ಲೆ ಅಕ್ಕಲಕೋಟದಾಂವ. ನಿಮ್ಮ ಕಡೆ ಮಾತು ಬೇರೆ, ನಮ್ಮ ಕಡೆ ಬೇರೆ, ಆದರೆ ಕಥೆ ಒಂದೇ ಅದ ನೋಡ್ರಿ.

ನಮ್ಮ ಕಡೆ ಮಟ್ಕಾ ಹಳೆಯ ರೋಗ. ಮುಂಬೈಯಲ್ಲಿ 1960ರ ದಶಕದಲ್ಲಿ ಕಲ್ಯಾಣ್, ವರಳಿ ಅಂತ ಶುರುವಾದದ್ದು ಹಳ್ಳಿಹಳ್ಳಿಗೆ ಬಂತು. ಓಪನ್, ಕ್ಲೋಸ್, ಜೋಡಿ ಅಂತ ಚೀಟಿ ಬರೆಯುವವರು ಪಾನ್‌ಪಟ್ಟಿ ಅಂಗಡಿಯಲ್ಲಿ ಕೂರುತ್ತಿದ್ದರು. ಈಗ ಅದೇ ಮಂದಿ ವಾಟ್ಸಾಪ್‌ನಲ್ಲಿ "ಐಡಿ ಬೇಕಾ?" ಅಂತ ಕೇಳುತ್ತಾರೆ, ಅಂದ್ರೆ ಬೆಟ್ಟಿಂಗ್ ಸೈಟಿನ ಲಾಗಿನ್. ಐಡಿ ತಗೊಂಡರೆ ಸಾಲಕ್ಕೂ ಆಡಬಹುದು. ಸೋಮವಾರ ಹಿಸಾಬು. ಸೋತರೆ ಮನೆಗೆ ಬಂದು ವಸೂಲಿ.

ಕ್ರಿಕೆಟಿನಲ್ಲಿ ಮ್ಯಾಚ್ ಗೆಲ್ಲುವುದಕ್ಕೆ ಹಾಕುವವರು ಕಡಿಮೆ. ಜಾಸ್ತಿ ದುಡ್ಡು ಹೋಗುವುದು ಸೆಷನ್‌ನಲ್ಲಿ. ಆರು ಓವರಿಗೆ ಎಷ್ಟು ರನ್? ಬುಕ್ಕಿ "46-48" ಅಂತ ಕೊಡುತ್ತಾನೆ. ಆಗುತ್ತದೆ ಅಂದವನಿಗೆ 48 ಅಥವಾ ಮೇಲೆ ಬೇಕು. ಆಗುವುದಿಲ್ಲ ಅಂದವನಿಗೆ 46ಕ್ಕಿಂತ ಕಡಿಮೆ ಬೇಕು. 46 ಅಥವಾ 47 ಆದರೆ ಇಬ್ಬರದೂ ಬುಕ್ಕಿಗೆ. ಆರು ಓವರ್ ಮುಗಿಯಲು ಅರ್ಧ ಗಂಟೆ ಸಾಕು, ತಕ್ಷಣ ಮುಂದಿನ ಸೆಷನ್. ಒಂದು ಮ್ಯಾಚಿನಲ್ಲಿ ಹತ್ತಾರು ಸಲ ಹಾಕಬಹುದು. ಇನ್ನೊಂದು, ಮೊಬೈಲಿನಲ್ಲಿ ಬರುವ ಲೈವ್ ನಿಜವಾದ ಆಟಕ್ಕಿಂತ ಹಲವು ಸೆಕೆಂಡ್ ಹಿಂದೆ ಇರುತ್ತದೆ. ನೀವು ಬಾಲ್ ನೋಡುವಷ್ಟರಲ್ಲಿ ಅಲ್ಲಿ ರೇಟ್ ಬದಲಾಗಿರುತ್ತದೆ. ಪೆರ್ಲದ ತಮ್ಮ ಪಿಚ್ ನೋಡುತ್ತಾನಂತೆ. ಮೊದಲು ಗಡಿಯಾರ ನೋಡಬೇಕು.

ರಾಕೆಟ್‌ಕಿಂಗ್ 777

(ಈ ಪೋಸ್ಟ್ ತೆಗೆಯಲಾಗಿದೆ.)

ನಿರ್ವಾಹಕ

ವಿಮಾನ ಹಾರುವ ಆಟಕ್ಕೆ (ವಿಮಾನ ಬೀಳುವ ಮೊದಲೇ ದುಡ್ಡು ತೆಗೆಯಬೇಕಾದ ಜೂಜು) ಯಾವಾಗ ಬೀಳುತ್ತದೆ ಅಂತ ಮೊದಲೇ ಹೇಳುವ "ಪ್ರಿಡಿಕ್ಟರ್ ಆ್ಯಪ್" ಮಾರುವವರು ಈ ಚರ್ಚೆಯಲ್ಲೂ ಬಂದಿದ್ದರು. ತೆಗೆದು ಹಾಕಿದ್ದೇನೆ. ಇನ್‌ಬಾಕ್ಸ್‌ಗೆ ಬಂದರೆ ಬ್ಲಾಕ್ ಮಾಡಿ.

ದೇರಾದಲ್ಲಿರುವವ

ಯಾವಾಗ ಬೀಳುತ್ತದೆ ಅಂತ ನಿಜವಾಗಿ ಗೊತ್ತಿರುವವನು ಅದನ್ನು 999 ರೂಪಾಯಿಗೆ ಯಾಕೆ ಮಾರ್ತಾನೆ?

ಬೋನಸ್ ವಿಷಯ ಬಿಟ್ಟು ಹೋಯಿತು, ಅದನ್ನೂ ಹೇಳಿಬಿಡುತ್ತೇನೆ. "5,000 ಹಾಕಿ, 5,000 ನಮ್ಮ ಕಡೆಯಿಂದ ಫ್ರೀ." ಕೆಳಗೆ ಸಣ್ಣ ಅಕ್ಷರದಲ್ಲಿ 30 ಪಟ್ಟು ಆಡಬೇಕು ಅಂತ ಇರುತ್ತದೆ. ಅಂದ್ರೆ 1,50,000 ರೂಪಾಯಿಯಷ್ಟು ಪಂದ್ಯ ಕಟ್ಟಿದ ಮೇಲೆ ಮಾತ್ರ ತೆಗೆಯಬಹುದು. ಮಾಷ್ಟ್ರ 2.7 ಪರ್ಸೆಂಟ್ ಹಿಡಿದರೂ ಅಷ್ಟರಲ್ಲಿ 4,050 ಹೋಗಿರುತ್ತದೆ. ಅದೂ ರೂಲೆಟ್ ಪೂರಾ ಲೆಕ್ಕಕ್ಕೆ ಬಂದರೆ. ಹಲವು ಕಡೆ ರೂಲೆಟ್‌ನಲ್ಲಿ ಹಾಕಿದ್ದು ಹತ್ತರಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ. ಆಗ 15 ಲಕ್ಷದ ಪಂದ್ಯ ಆಡಬೇಕು. ನಿಮ್ಮ ಅಳಿಯನ 1,84,000ದಲ್ಲಿ ಬೋನಸ್ ಎಷ್ಟು ಸೇರಿದೆ ಅಂತ ಕೇಳಿ ನೋಡಿ.

ಕಣಿಪುರ, ಕುಂಬಳೆ

ಒಂದು ಮಾತು ಕೇಳಲಾ? ಇಷ್ಟೆಲ್ಲ ಹೇಳುತ್ತೀರಿ. ನಮ್ಮ ಕೇರಳ ಸರಕಾರವೇ ದಿನಾ ಲಾಟರಿ ಮಾರುತ್ತದೆ. ಅದು ಜೂಜಲ್ವಾ? ತಲಪಾಡಿಯಲ್ಲಿ ಲಾಟರಿ ಅಂಗಡಿ ಎದುರು ನಿಂತರೆ ಕೆಎ ನಂಬರಿನ ಬೈಕುಗಳೇ ಜಾಸ್ತಿ. ಹುಡುಗರಿಗೆ ಮಾತ್ರ ಬುದ್ಧಿ ಹೇಳುವುದು ಸರಿಯಾ?

ಲೆಕ್ಕದ ಮಾಷ್ಟ್ರು, ನೀರ್ಚಾಲು

ಜೂಜೇ. ನಾನು ಅಲ್ಲ ಅನ್ನುವುದಿಲ್ಲ. ಕೇರಳದಲ್ಲಿ 1967ರಲ್ಲಿ ಲಾಟರಿ ಇಲಾಖೆ ಬಂತು. ಮೊದಲ ಟಿಕೆಟ್ ಒಂದು ರೂಪಾಯಿ, ಮೊದಲ ಬಹುಮಾನ 50,000. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು, ಹಾಗಾಗಿ ಆಚೆಯವರು ಈಚೆ ಬರುತ್ತಾರೆ. 2024ರ ಓಣಂ ಬಂಪರ್ 25 ಕೋಟಿ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ ಬಂತಲ್ಲ. ಅದರ ಮರುವರ್ಷ ಎಷ್ಟು ಜನ ಟಿಕೆಟ್ ತಗೊಂಡಿರಬಹುದು ಅಂತ ಯೋಚನೆ ಮಾಡಿ. ಬರದವರ ಫೋಟೋ ಪೇಪರಿನಲ್ಲಿ ಬರುವುದಿಲ್ಲ.

ಆದರೆ ಈ ಚರ್ಚೆಗೆ ಬೇಕಾದ ವ್ಯತ್ಯಾಸ ಒಂದು ಇದೆ. ಲಾಟರಿಯಲ್ಲಿ ಕೊಡುವವನು ಯಾರು ಅಂತ ಗೊತ್ತು. ಸಣ್ಣ ಬಹುಮಾನ ಅಂಗಡಿಯಲ್ಲೇ ಸಿಗುತ್ತದೆ, ದೊಡ್ಡದಕ್ಕೆ ಲಾಟರಿ ಆಫೀಸು ಅಥವಾ ಬ್ಯಾಂಕು. ಏಜೆಂಟನ ಕಮಿಷನ್ ಮುರಿದು, 30 ಪರ್ಸೆಂಟ್ ತೆರಿಗೆ ಮುರಿದು, ಉಳಿದದ್ದು ಕೊಡುತ್ತಾರೆ. ಗೆದ್ದವನು ಮೊದಲು ದುಡ್ಡು ತರಬೇಕು ಅಂತ ಯಾರೂ ಹೇಳುವುದಿಲ್ಲ.

ಅಕ್ಷಯಕ್ಕ, ಉಪ್ಪಳ

ಇದಕ್ಕೆ ಸೇರಿಸಿ: ಕೇರಳ ಲಾಟರಿ ಆನ್‌ಲೈನ್‌ನಲ್ಲಿ ಮಾರುವುದಿಲ್ಲ. ಕಾಗದದ ಟಿಕೆಟ್ ಮಾತ್ರ. ಕೇರಳ ಲಾಟರಿ ಹೆಸರಲ್ಲಿ ಆ್ಯಪ್ ಕಂಡರೆ, "ನಿಮಗೆ ಬಂಪರ್ ಬಂದಿದೆ, ಟ್ಯಾಕ್ಸ್ ಕಟ್ಟಿ" ಅಂತ ಮೆಸೇಜ್ ಬಂದರೆ, ಅದೂ ಇದೇ ಗುಂಪಿನ ಕೆಲಸ. ಮೀಂಜದ ಕಡೆಯ ಒಬ್ಬರು ಅಜ್ಜ ಟಿಕೆಟೇ ತಗೊಳ್ಳದೆ "ಗೆದ್ದ" ಕಾಗದ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಕಾಗದದಲ್ಲಿ ಸೀಲು ಮಾತ್ರ ಐದು ಇತ್ತು.

ಮೊಬೈಲ್ ಅಂಗಡಿ, ಕುಂಬಳೆ

ನಾನು ಆಡುವವನಲ್ಲ. ಆದರೂ ನನ್ನ ಕಥೆ ಕೇಳಿ, ಯಾಕೆಂದರೆ ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ.

ಅಂಗಡಿಗೆ ಒಬ್ಬ ಹುಡುಗ ಬಂದು ಫೋನ್ ತಗೊಂಡ. ಯುಪಿಐ ಮಾಡಿದ, ಡಬ್ಬಿ ಕೂಗಿತು, ಹೋದ. ಕೆಲವು ದಿನ ಬಿಟ್ಟು ಹೋಲ್‌ಸೇಲ್‌ನವರಿಗೆ ಪೇಮೆಂಟ್ ಹಾಕಲು ಹೋದರೆ ಆಗ್ತಾ ಇಲ್ಲ. ಬ್ಯಾಂಕಿಗೆ ಹೋದೆ. "ನಿಮ್ಮ ಅಕೌಂಟ್ ಫ್ರೀಜ್ ಆಗಿದೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಮೇಲ್ ಬಂದಿದೆ." ಆ ಹುಡುಗನಿಗೆ ದುಡ್ಡು ಬಂದದ್ದು ಯಾವುದೋ ಗೇಮಿಂಗ್ ಸೈಟಿನಿಂದ. ಆ ಸೈಟು ಅವನಿಗೆ ಹಾಕಿದ್ದು ಇನ್ಯಾರನ್ನೋ ಮೋಸ ಮಾಡಿ ತೆಗೆದ ದುಡ್ಡು. ಮೋಸ ಹೋದವರು ದೂರು ಕೊಟ್ಟರು. ದುಡ್ಡು ಹೋದ ದಾರಿ ಹಿಡಿದು ಒಂದೊಂದೇ ಖಾತೆಗೆ ಬೀಗ ಬಿತ್ತು. ಅವನು, ನಾನು, ನನ್ನಿಂದ ದುಡ್ಡು ಹೋದ ಇನ್ನೊಬ್ಬರು.

ಓಣಂ ಸೀಸನ್ ಪೂರಾ ಹೀಗೇ ಹೋಯಿತು. ಮ್ಯಾನೇಜರ್ "ನಮ್ಮ ಕೈಯಲ್ಲಿ ಇಲ್ಲ" ಅಂದರು. ಆ ಪೊಲೀಸರಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ "ಬಿಲ್ ಕಳಿಸಿ" ಅಂದರು, ಕಳಿಸಿದೆ, ಉತ್ತರ ಇಲ್ಲ. ಕೊನೆಗೆ ವಕೀಲರು ಒಬ್ಬರು ಹೇಳಿದರು, ಇಂಥದ್ದೇ ವಿಷಯದಲ್ಲಿ ಕೇರಳ ಹೈಕೋರ್ಟ್ 2023ರಲ್ಲಿ ಆದೇಶ ಕೊಟ್ಟಿದೆ, ತಕರಾರು ಇರುವ ಮೊತ್ತಕ್ಕೆ ಮಾತ್ರ ತಡೆ ಹಾಕಿ, ಇಡೀ ಖಾತೆಗೆ ಬೇಡ ಅಂತ. ಅದನ್ನು ಬರೆದು ಅರ್ಜಿ ಕೊಟ್ಟ ಮೇಲೆ ಉಳಿದ ದುಡ್ಡು ಬಿಟ್ಟರು. ಆ ಫೋನಿನ ದುಡ್ಡು ಇನ್ನೂ ಸಿಕ್ಕಿಬಿದ್ದಿದೆ.

ಹಾಗಾಗಿ "ನನಗೆ ಹತ್ತು ನಿಮಿಷದಲ್ಲಿ ಪೇಮೆಂಟ್ ಬಂತು" ಅನ್ನುವವರು ಅದು ಯಾರ ಹೆಸರಿನಿಂದ ಬಂತು ಅಂತ ಒಮ್ಮೆ ನೋಡಿ. ಬಾರದೆ ಇದ್ದರೆ ಒಂದು ಕಷ್ಟ. ಬಂದರೆ ಇನ್ನೊಂದು.

ಸಿಕ್ಸರ್ ಪೆರ್ಲ

ಈಗ ನೋಡಿದೆ. ಎರಡೂ ಸಲ ಬೇರೆ ಬೇರೆ ಹೆಸರು. ಒಂದು ಬಟ್ಟೆ ಅಂಗಡಿ. ನನ್ನ ಸಂಬಳ ಬರುವುದೂ ಅದೇ ಖಾತೆಗೆ.

ಮೊಬೈಲ್ ಅಂಗಡಿ, ಕುಂಬಳೆ

ಹಾಗಾದರೆ ಇನ್ನು ಮೇಲೆ ಆ ಕಡೆಯಿಂದ ಒಂದು ರೂಪಾಯಿಯೂ ಬಾರದ ಹಾಗೆ ನೋಡಿಕೋ ಮಾರಾಯ.

ಅಡಿಕೆಅಂಗಳ, ಬಾಯಾರು

ನಮ್ಮ ಹುಡುಗನ ಖಾತೆಗೂ ತಡೆ ಬಿದ್ದಿದೆ. ಅದೇ 4,000ಕ್ಕೆ. ಇವತ್ತು ಬ್ಯಾಂಕಿಗೆ ಹೋದಾಗ ಗೊತ್ತಾಯಿತು. ಸ್ಕಾಲರ್‌ಶಿಪ್ ಬರುವ ಖಾತೆ ಅದು.

ಇನ್ನೊಂದು ವಿಷಯ ಮೆಲ್ಲ ಹೊರಗೆ ಬಂತು. ಕಾಲೇಜಿನ ಒಬ್ಬ ಸೀನಿಯರ್ "ಹೊಸ ಅಕೌಂಟ್ ತೆರೆದು ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಐದು ಸಾವಿರ ಕೊಡ್ತೇನೆ, ನಿನ್ನ ಸಾಲ ತೀರುತ್ತದೆ" ಅಂದಿದ್ದಾನಂತೆ. ಇವನು ಒಪ್ಪುವ ಯೋಚನೆಯಲ್ಲಿ ಇದ್ದ.

ದೂರು ಕೊಡೋಣ ಅಂದರೆ ತಂಗಿಗೆ ಹೆದರಿಕೆ. ಜೂಜು ಆಡಿದ್ದಕ್ಕೆ ಪೊಲೀಸರು ಇವನನ್ನೇ ಹಿಡಿದರೆ?

ಅಕ್ಷಯಕ್ಕ, ಉಪ್ಪಳ

ಅಣ್ಣ, ಖಾತೆ ಬಾಡಿಗೆಗೆ ಕೊಡುವುದು ಆಟಕ್ಕಿಂತ ದೊಡ್ಡ ಅಪಾಯ. ಆಡಿದವನು ದುಡ್ಡು ಕಳೆದುಕೊಂಡವನು. ಖಾತೆ ಕೊಟ್ಟವನು ಆರೋಪಿ. ಇನ್ನೊಂದು ರಾಜ್ಯದಲ್ಲಿ ಯಾರೋ ನಿವೃತ್ತ ಟೀಚರಮ್ಮ ಕಳೆದುಕೊಂಡ ಲಕ್ಷಗಟ್ಟಲೆ ದುಡ್ಡು ಅವನ ಹೆಸರಿನ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಬರುವುದು ಬಾಯಾರಿಗೇ. ಹುಡುಗರಿಗೆ ಇದು ಗೊತ್ತೇ ಇಲ್ಲ. "ನಾನು ಬರೀ ಕಾರ್ಡ್ ಕೊಟ್ಟದ್ದು" ಅಂತಾರೆ.

ದೂರಿಗೆ ಹೆದರಬೇಡಿ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಆನ್‌ಲೈನ್ ಗೇಮಿಂಗ್ ಕಾನೂನು ಪಾಸಾಯಿತು, 22ನೇ ತಾರೀಕು ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡಿನ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷ, 50 ಲಕ್ಷ. ಆಡಿದವನಿಗೆ ಆ ಕಾನೂನಿನಲ್ಲಿ ಶಿಕ್ಷೆ ಇಟ್ಟಿಲ್ಲ. ಡ್ರೀಮ್ ಇಲೆವೆನ್‌ನಂಥ ದೊಡ್ಡ ಆ್ಯಪ್‌ನವರೇ ಆಗ ದುಡ್ಡಿನ ಪಂದ್ಯ ನಿಲ್ಲಿಸಿದರು. ಅಂದ್ರೆ ಆಟವೇ ನಿಷೇಧ ಆದ ಮೇಲೂ ಕದ್ದು ನಡೆಸುವವರು "ಟಿಡಿಎಸ್ ಕಟ್ಟಿ" ಅಂತಾರೆ. ಸರಕಾರದ ಮೇಲೆ ಎಷ್ಟು ಪ್ರೀತಿ ನೋಡಿ!

ಅಕ್ಕಲಕೋಟದವ

ಸ್ಕಿಲ್ ಗೇಮ್, ಅದೃಷ್ಟದ ಗೇಮ್ ಅಂತ ಮೊದಲು ವಾದ ಇತ್ತು. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು. ಹೊಸ ಕಾನೂನಿನಲ್ಲಿ ಆ ಭೇದ ಇಲ್ಲ, ದುಡ್ಡು ಇಟ್ಟು ಆನ್‌ಲೈನ್‌ನಲ್ಲಿ ಆಡಿದರೆ ಮುಗೀತು.

ಮತ್ತ ಇದು ಗೊತ್ತಿರಲಿ: 1872ರ ಕರಾರು ಕಾಯ್ದೆ, 30ನೇ ಕಲಂ. ಬಾಜಿಯ ಕರಾರಿಗೆ ಬೆಲೆಯೇ ಇಲ್ಲ. ಗೆದ್ದ ದುಡ್ಡು ಕೊಡಿಸಿ ಅಂತ ಕೋರ್ಟಿಗೆ ಹೋಗಲಿಕ್ಕೆ ಬರುವುದಿಲ್ಲ. ಹಾಗಾಗಿ ಆ 1,84,000 ಮರೆತುಬಿಡ್ರಿ. ದೂರು ಕೊಡುವಾಗ ಹೋದ 70 ಸಾವಿರದ ಮಾತು ಆಡ್ರಿ, ಗೆದ್ದದ್ದರ ಮಾತು ಬ್ಯಾಡ. ಇದರಲ್ಲಿ ಒಂದು ಒಳ್ಳೆಯದೂ ಅದ. ಬುಕ್ಕಿಯೂ ನಿಮ್ಮ ಮೇಲೆ ಬಾಜಿ ಸಾಲಕ್ಕೆ ದಾವೆ ಹಾಕಲಿಕ್ಕೆ ಆಗುವುದಿಲ್ಲ. ಮನೆ ಬಾಗಿಲಿಗೆ ಬಂದು ದಮ್ಕಿ ಹಾಕಿದರೆ ನೇರ ಠಾಣೆಗೆ ಹೋಗ್ರಿ.

ಹೆಸರು ಬೇಡ

ಬಹಳ ದಿನದಿಂದ ಬರೀ ಓದುವವಳು ನಾನು. ಬದಿಯಡ್ಕದ ಹತ್ತಿರ ಮನೆ. ನಮ್ಮ ಯಜಮಾನರಿಗೆ ಇದೇ ಅಭ್ಯಾಸ. ಮೋಸ ಅಂತ ಅವರಿಗೆ ಗೊತ್ತಿದೆ. ಲೆಕ್ಕವೂ ಗೊತ್ತಿದೆ, ಬ್ಯಾಂಕಿನಲ್ಲೇ ಕೆಲಸ. ಆದರೂ ಬಿಡುವುದಿಲ್ಲ. ರಾತ್ರಿ ಬಾತ್‌ರೂಮಿಗೆ ಫೋನ್ ತಗೊಂಡು ಹೋಗುತ್ತಾರೆ. ಲೋನ್ ಆ್ಯಪ್‌ನವರು ನನ್ನ ನಂಬರಿಗೂ ಫೋನ್ ಮಾಡುತ್ತಾರೆ. ಕುಡುಂಬಶ್ರೀ ಮಹಿಳಾ ಸಂಘದಲ್ಲಿ ನಾನು ತೆಗೆದ ಸಾಲವನ್ನೂ ಹಾಕಿದ್ದಾರೆ. ಇಂಥವರಿಗೆ ಲೆಕ್ಕ ಹೇಳಿ ಏನು ಪ್ರಯೋಜನ ಮಾಷ್ಟ್ರೇ?

ಲೆಕ್ಕದ ಮಾಷ್ಟ್ರು, ನೀರ್ಚಾಲು

ಪ್ರಯೋಜನ ಇಲ್ಲ ಅಮ್ಮಾ. ನಿಮ್ಮ ಮಾತು ಸರಿ. ನಮ್ಮ ಕಡೆ ಕೋಳಿ ಅಂಕಕ್ಕೆ ಹೋಗಿ ಗದ್ದೆ ಕಳೆದುಕೊಂಡವರನ್ನು ನೋಡಿದ್ದೇನೆ. ಆದರೆ ಅದು ವರ್ಷದಲ್ಲಿ ಕೆಲವು ದಿನ, ಸಂಜೆ ಆದರೆ ಮುಗಿಯುತ್ತಿತ್ತು. ಇದು ಹಾಸಿಗೆಯವರೆಗೆ ಬರುತ್ತದೆ.

ದೇರಾದಲ್ಲಿರುವವ

ಅಕ್ಕ, ಇದು ಬುದ್ಧಿ ಕಡಿಮೆ ಇದ್ದು ಆಗುವುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೇ ಜೂಜಿನ ಚಟಕ್ಕೆ ಜಾಗ ಇದೆ. ಚಿಕಿತ್ಸೆಯೂ ಇದೆ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತಾಡಬೇಕು ಅಂದರೆ ಹಾಗೆ ಕೇಳಿ. ಅವರು ಒಪ್ಪದಿದ್ದರೂ ಮೊದಲು ನೀವೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೇ ಶಟ್ ಕ್ಲಿನಿಕ್ ಅಂತ ಬೇರೆ ಇದೆ.

ಮನೆಯಲ್ಲಿ ಮಾಡಬಹುದಾದದ್ದು: ಸಂಬಳ ಬಿದ್ದ ದಿನವೇ ನಿಮ್ಮ ಖಾತೆಗೆ ಬರುವ ಹಾಗೆ ಬ್ಯಾಂಕಿನಲ್ಲಿ ಬರೆದು ಕೊಡಿಸಿ. ಅವರ ಯುಪಿಐ ಮಿತಿ ಕಡಿಮೆ ಮಾಡಿಸಿ. ಸಾಲ ತೀರಿಸುತ್ತೇನೆ ಅಂತ ಅವರ ಕೈಗೆ ದುಡ್ಡು ಕೊಡಬೇಡಿ, ತೀರಿಸುವುದಾದರೆ ಸಾಲ ಕೊಟ್ಟವರಿಗೇ ನೇರ ಕೊಡಿ. ನನ್ನ ರೂಮ್‌ಮೇಟ್ ಹೇಳುತ್ತಿದ್ದ, ಆಡುವುದು ಬಿಟ್ಟವರಿಗೆ ಬೋನಸ್ ಮೆಸೇಜ್ ಕಳಿಸುವುದಕ್ಕೆ ಅಲ್ಲಿ ಒಂದು ಬೇರೆ ಟೀಮೇ ಇತ್ತು ಅಂತ. ಸಂಬಳದ ವಾರದಲ್ಲಿ ಜಾಸ್ತಿ ಕಳಿಸುತ್ತಿದ್ದರಂತೆ. ಆ ಸಿಮ್ ಬದಲಾಯಿಸಿ.

ಹೆಸರು ಬೇಡ

ನಂಬರ್ ಬರೆದುಕೊಂಡೆ. ಥ್ಯಾಂಕ್ಸ್ ಅಣ್ಣ.

ಅಡಿಕೆಅಂಗಳ, ಬಾಯಾರು

ತಂಗಿ ದೂರಿಗೆ ಒಪ್ಪಿದಳು. ಅಕ್ಷಯಕ್ಕ, ನಾವು ಉಪ್ಪಳಕ್ಕೆ ಬಂದರೆ ನೀವೇ ಮಾಡಿ ಕೊಡ್ತೀರಾ? ಏನೇನು ತರಬೇಕು?

ಅಕ್ಷಯಕ್ಕ, ಉಪ್ಪಳ

ಬನ್ನಿ ಅಣ್ಣ, ಆದರೆ ಬರುವ ತನಕ ಕಾಯಬೇಡಿ. ಈಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟು ದುಡ್ಡು ಮುಂದೆ ಮುಂದೆ ಹೋಗುತ್ತದೆ. ಅವರು ಕೊಡುವ ನಂಬರ್ ಬರೆದಿಟ್ಟುಕೊಳ್ಳಿ. ಉಳಿದದ್ದನ್ನು ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ನಾನು ಹಾಕಿ ಕೊಡುತ್ತೇನೆ.

ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ, ದುಡ್ಡು ಹೋದ ಸಾಲುಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ. ಪ್ರತಿಯೊಂದಕ್ಕೂ 12 ಅಂಕಿಯ ಯುಟಿಆರ್ ನಂಬರ್, ಅಂದ್ರೆ ಆ ಪೇಮೆಂಟಿನ ಗುರುತಿನ ನಂಬರ್ ಬೇಕು, ಗೂಗಲ್ ಪೇಯಲ್ಲಿ ಆ ಪೇಮೆಂಟ್ ಒತ್ತಿದರೆ ಕೆಳಗೆ ಸಿಗುತ್ತದೆ. ಚಾಟ್‌ನ ಸ್ಕ್ರೀನ್‌ಶಾಟ್, ಆ ಸೀಲಿನ ಕಾಗದ, ಸೈಟಿನ ವಿಳಾಸ, ಎಲ್ಲ. ಹುಡುಗ ನಾಚಿಕೆಯಿಂದ ಚಾಟ್ ಡಿಲೀಟ್ ಮಾಡದ ಹಾಗೆ ನೋಡಿಕೊಳ್ಳಿ. ಸೈಟಿನವರ ಹತ್ತಿರ ಜಗಳಕ್ಕೂ ಹೋಗಬೇಡಿ, ಅವರು ಬ್ಲಾಕ್ ಮಾಡಿದರೆ ಸಾಕ್ಷಿ ಹೋಗುತ್ತದೆ. ಬ್ಯಾಂಕಿನಲ್ಲಿ 4,000ದ ತಡೆ ಯಾವ ಠಾಣೆಯಿಂದ ಬಂತು, ದೂರಿನ ನಂಬರ್ ಎಷ್ಟು ಅಂತ ಬರೆಸಿಕೊಂಡು ಬನ್ನಿ. ಬಾಯಲ್ಲಿ ಹೇಳಿದ್ದು ಸಾಕಾಗುವುದಿಲ್ಲ.

ದುಡ್ಡು ಎಷ್ಟು ವಾಪಸ್ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ನಾಳೆ ಆ ಯುಪಿಐ ಹೆಸರುಗಳಲ್ಲಿ ಯಾವುದಾದರೂ ಸಿಕ್ಕಿಬಿದ್ದರೆ ನಿಮ್ಮ ಹುಡುಗ ದೂರು ಕೊಟ್ಟವರ ಕಡೆ ಇರುತ್ತಾನೆ.

ಸೋಮವಾರ ಬೆಳಿಗ್ಗೆ ಬೇಗ ಬನ್ನಿ, ಆಮೇಲೆ ಪೆನ್ಶನ್ ಮಸ್ಟರಿಂಗ್‌ನವರ (ಬದುಕಿದ್ದೇವೆ ಅಂತ ದಾಖಲೆ ಮಾಡಿಸುವವರ) ರಶ್ ಇರುತ್ತದೆ. ನೀವು, ನಿಮ್ಮ ತಂಗಿ ಮಾತ್ರ ಬಂದರೆ ಆಗುವುದಿಲ್ಲ, ಹುಡುಗನನ್ನೂ ಕರೆದುಕೊಂಡು ಬನ್ನಿ. ಓಟಿಪಿ ಬರುವುದು ಅವನ ಫೋನಿಗೆ.